ಹತ್ತಿಯ ತಪ್ಪಲ್ಲ

ನನ್ನ ಗಂಡ ದಾದೇಸಾಬ ಮಸ್ಕಿಯ ಪಿಂಜಾರ. ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ಅವರ ಮನೆತನದ ಕೆಲಸ. ಹಾಗಿದ್ದರೂ ನಮ್ಮ ಮನೆಯಲ್ಲಿ ಹತ್ತು ವರ್ಷ ಒಂದೂ ಗಾದಿ ಇರಲಿಲ್ಲ. ದಿಂಬೂ ಇರಲಿಲ್ಲ. ಹಳೆಯ ಸೀರೆ ಮಡಿಚಿ ತಲೆಗೆ ಇಟ್ಟುಕೊಳ್ಳುತ್ತಿದ್ದೆವು. ಬಂದ ನೆಂಟರು ಚಾಪೆಯ ಮೇಲೆ ಮಲಗಿ ಬೆಳಿಗ್ಗೆ ಸೊಂಟ ಹಿಡಿದುಕೊಂಡು ಏಳುತ್ತಿದ್ದರು.

"ಪಿಂಜಾರರ ಮನ್ಯಾಗ ಗಾದಿ ಇಲ್ಲಂದ್ರ ಕುಂಬಾರರ ಮನ್ಯಾಗ ಗಡಿಗಿ ಇಲ್ಲದಂಗ," ಎಂದು ನನ್ನ ಅಪ್ಪ ಬಂದಾಗಲೆಲ್ಲ ಹೇಳುತ್ತಿದ್ದ. ಅಪ್ಪನೂ ಪಿಂಜಾರನೇ. ಊರು ಸಾಲಗುಂದ. ಎಪ್ಪತ್ತು ದಾಟಿದರೂ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದ. ಈ ವಯಸ್ಸಿನ ಮಾತು ನೆನಪಿರಲಿ. ನಮಗೆ ಯಾರಿಗೂ ಆಗ ಅದು ಲೆಕ್ಕಕ್ಕೆ ಬರಲಿಲ್ಲ.

ನಾನು ಮಸ್ಕಿಗೆ ಸೊಸೆಯಾಗಿ ಹೋದದ್ದು ಎಪ್ಪತ್ತಮೂರರಲ್ಲಿ. ಮಾವ ಇಮಾಮ್‌ಸಾಬ್ ಆಗ ಗಟ್ಟಿಯಾಗಿದ್ದರು. ಎಪ್ಪತ್ತೆಂಟರ ಹೊತ್ತಿಗೆ ಮಸೀದಿಯ ನಾಲ್ಕು ಮೆಟ್ಟಿಲು ಹತ್ತಿದರೆ ಕುಳಿತುಕೊಳ್ಳಬೇಕು. ಕಾಲು ಊದಿದವು. ಬೆರಳಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಗೋಡೆಗೆ ಒರಗಿಯೇ ನಿದ್ದೆ. ಎಂಬತ್ತರಲ್ಲಿ ಹೋದರು. ಐವತ್ತಾರು ವರ್ಷ. ಅವರ ಅಪ್ಪನೂ ಹಾಗೆಯೇ ಹೋಗಿದ್ದನಂತೆ.

"ಹತ್ತಿ ಎದಿಯೊಳಗ ಕುಂತೈತಿ" ಎಂದು ಎಲ್ಲರೂ ಅಂದರು. ಪಿಂಜಾರರಲ್ಲಿ ಇದು ಹೊಸ ಮಾತಲ್ಲ. ದಿನವೆಲ್ಲ ಹತ್ತಿ ಹಿಂಜಿದವರು ಸಂಜೆ ಒಂದು ತುಂಡು ಬೆಲ್ಲ ತಿನ್ನಬೇಕು, ಒಳಗೆ ಹೋದ ಹತ್ತಿ ಬೆಲ್ಲಕ್ಕೆ ಅಂಟಿಕೊಂಡು ಹೊಟ್ಟೆಗೆ ಇಳಿಯುತ್ತದೆ ಎಂದು ನಂಬಿಕೆ. ಮಾವ ಬೆಲ್ಲ ಸರಿಯಾಗಿ ತಿನ್ನಲಿಲ್ಲ ಎಂದು ಅತ್ತೆ ಅತ್ತಳು.

ಮೂರು ವರ್ಷಕ್ಕೆ ಗಂಡನ ಅಣ್ಣ, ಭಾವ ಹುಸೇನ್‌ಸಾಬ್ ಹೋದರು. ಅದೇ ಉಬ್ಬಸ, ಅದೇ ಕಾಲು. ಮೂವತ್ತೆಂಟು ವರ್ಷ. ಅವರು ಬೆಲ್ಲವನ್ನು ದಿನಾ ತಿಂದಿದ್ದರು, ಅಷ್ಟೇ ವ್ಯತ್ಯಾಸ. ಮಯ್ಯತ್ತಿಗೆ ಸ್ನಾನ ಮಾಡಿಸಿದವರು ಮೂಗಿನಿಂದ ಹತ್ತಿ ಬರುತ್ತದೇನೋ ಎಂದು ನೋಡಿದರಂತೆ. ಬರಲಿಲ್ಲ. ಕೊನೆಗೆ ವಾಡಿಕೆಯಂತೆ ಅವರೇ ಮೂಗಿಗೆ ಹತ್ತಿ ಇಟ್ಟರು.

ಮಣ್ಣು ಕೊಟ್ಟು ಬಂದ ದಿನ ನಮ್ಮವರು ಬಿಲ್ಲನ್ನು ಗೂಟದಿಂದ ಇಳಿಸಿದರು. ನಮಗೆ ಒಬ್ಬಳೇ ಮಗಳು, ನಜಮಾ. ಆಗ ಎಂಟು ವರ್ಷ. ಅವಳು ಹತ್ತಿಯ ಗುಡ್ಡೆಯಲ್ಲಿ ಹೊರಳಾಡುತ್ತಿದ್ದಳು. ಅವಳನ್ನು ಎತ್ತಿ ಹೊರಗೆ ನಿಲ್ಲಿಸಿ ಕೂದಲಿನ ಅರಳೆಯನ್ನೆಲ್ಲ ಒಂದೊಂದಾಗಿ ಆರಿಸಿದರು.

"ನಾ ಹೋದ್ರ ಹೋಗ್ಲಿ. ಈ ಕೂಸಿನ ಎದಿಯಾಗ ಹತ್ತಿ ಹೋಗಬಾರ್ದು," ಎಂದರು.

ಹದಿನೈದು ದಿನದಲ್ಲಿ ಸಿಂಧನೂರಿಗೆ ಬಂದೆವು. ಯಾಕೆಂದರೆ ಅಲ್ಲಿ ಕಾಲುವೆ ನೀರು, ಎತ್ತ ನೋಡಿದರೂ ಭತ್ತ. ಹತ್ತಿ ಕಡಿಮೆ. ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾನಪ್ಪ ಎಂಬವನದು ಮೈಕ್‌ಸೆಟ್ ಅಂಗಡಿ. ಲಗ್ನಕ್ಕೆ, ಸಭೆಗೆ ಹಾರ್ನು ಕಟ್ಟುವುದು, ಟಾಂಗಾದಲ್ಲಿ ಕುಳಿತು ಊರೆಲ್ಲ ಕೂಗಿ ಹೇಳುವುದು. ಗ್ಯಾನಪ್ಪನಿಗೆ ಕೂಗುವವನು ಬೇಕಾಗಿತ್ತು. ನಮ್ಮವರ ಗಂಟಲು ಚೆನ್ನಾಗಿತ್ತು.

ಅವರು ಆ ಕೆಲಸಕ್ಕೇ ಹುಟ್ಟಿದ್ದರೇನೋ. ಟೂರಿಂಗ್ ಟಾಕೀಸಿನ ಆಟ, ಸೀರೆ ಅಂಗಡಿಯ ರಿಯಾಯಿತಿ, ಕಣ್ಣಿನ ಆಸ್ಪತ್ರೆಯವರ ಶಿಬಿರ, ಎಲ್ಲವನ್ನೂ ಬಸ್‌ಸ್ಟ್ಯಾಂಡಿನಿಂದ ಕಾಲುವೆ ಸೇತುವೆಯವರೆಗೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಡುವೆ ತಮ್ಮದೂ ಸೇರಿಸುತ್ತಿದ್ದರು. ನಮ್ಮ ಓಣಿಗೆ ಟಾಂಗಾ ತಿರುಗಿದ ಕೂಡಲೇ ಹಾರ್ನಿನಲ್ಲಿ, "ಇಂದು ಮೂರು ಆಟ, ತಪ್ಪದೇ ನೋಡಿರಿ, ನಜಮಾನ ಅವ್ವ ರೊಟ್ಟಿಗೆ ಹಂಚು ಇಡಬೇಕು, ಸ್ತ್ರೀಯರಿಗೆ ಪ್ರತ್ಯೇಕ ಆಸನ." ಓಣಿಯ ಹೆಂಗಸರು ನಗುತ್ತಿದ್ದರು. ನಾನು ಹಂಚು ಇಡುತ್ತಿದ್ದೆ.

ಲಿಂಗಸುಗೂರಿಗೂ ಹೋಗುತ್ತಿದ್ದರು, ಮಸ್ಕಿಗೂ ಹೋಗುತ್ತಿದ್ದರು. ಹತ್ತಿ ಬೀಜದ ಕಂಪನಿಯವರು ಕರೆದರೆ ಮಾತ್ರ ಗ್ಯಾನಪ್ಪನನ್ನು ಕಳಿಸುತ್ತಿದ್ದರು. ಸುಗ್ಗಿಯಲ್ಲಿ ಹತ್ತಿಯ ಗಾಡಿ ಎದುರು ಬಂದರೆ ಟವೆಲ್ಲಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಲಗ್ನದ ಮನೆಯಲ್ಲಿ ಗಾದಿ ಹಾಸಿ ಕೂಡ್ರಿ ಎಂದರೆ ನೆಲಕ್ಕೆ ಕೂಡುತ್ತಿದ್ದರು. ಎಷ್ಟು ವಿನಯ ನೋಡು ಎಂದು ಜನ ತಿಳಿದರು.

ನಜಮಾ ದೊಡ್ಡವಳಾದಳು. ಅವಳದೊಂದೇ ಹಟ.

"ಅಪ್ಪಾ, ಒಂದ ಗಾದಿ. ಸಣ್ಣದು."

"ಅದು ಗಾದಿ ಅಲ್ಲಬೇ, ಗೋರಿ."

ಎಂಬತ್ತೊಂಬತ್ತು ಮುಗಿಯುವ ಹೊತ್ತಿಗೆ ಅವರ ಕೂಗಿನಲ್ಲಿ ಏನೋ ಬದಲಾಯಿತು. ನಾನು ಒಲೆಯ ಮುಂದೆ ಕುಳಿತು ಕೇಳುತ್ತಿದ್ದೆ. ಸೇತುವೆಯವರೆಗೆ ಒಂದೇ ಉಸಿರಾಗಿದ್ದದ್ದು ಅಂಚೆ ಕಚೇರಿಯ ಹತ್ತಿರ ಒಮ್ಮೆ ನಿಂತಿತು. ಮರುವರ್ಷ ಎರಡು ಕಡೆ. ಆಮೇಲೆ ನಾಲ್ಕು ಮಾತಿಗೊಮ್ಮೆ.

ಗ್ಯಾನಪ್ಪ ಕೇಳಿದ, "ಏನೋ ಸಾಬ, ನಡುನಡುವ ಗಾಳಿ ಹೋದ ಟೈರಿನಂಗ ನಿಂತುಬಿಡ್ತೀಯಲ್ಲ?"

"ಜನಕ್ಕ ತಿಳೀಲಿ ಅಂತ ಬಿಡಿಸಿ ಹೇಳ್ತೀನಿ. ನಿನಗ ಕೂಗೂದ ಗೊತ್ತಿಲ್ಲ, ಸುಮ್ಮಕಿರು."

ನನಗೆ ಗೊತ್ತಾಯಿತು. ಚಪ್ಪಲಿ ಬಿಟ್ಟರೆ ಪಾದದ ಮೇಲೆ ಪಟ್ಟಿಯ ಗುರುತು ಆಳವಾಗಿ ಉಳಿಯುತ್ತಿತ್ತು. ಮಾವನ ಕಾಲು ನೋಡಿದವಳು ನಾನು. ಕೇಳಿದರೆ, "ಸಣ್ಣವನಿದ್ದಾಗಿನ ಹತ್ತಿ ಒಳಗ ಉಳಿದೈತಿ. ಬೆಲ್ಲ ಜಾಸ್ತಿ ತಿಂತೀನಿ, ಇಳೀತೈತಿ," ಎಂದರು. ಜೇಬಿನಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಬೆಲ್ಲ. ಅಂಗಿ ಒಗೆಯುವಾಗ ನನಗೆ ಇರುವೆಗಳೇ ಸಿಗುತ್ತಿದ್ದವು. ಡಾಕ್ಟರ ಹತ್ತಿರ ಹೋಗೋಣ ಎಂದರೆ, ಡಾಕ್ಟರನಿಗೆ ಹತ್ತಿ ಹಿಂಜಲು ಬರುತ್ತದೇನು ಎನ್ನುತ್ತಿದ್ದರು. ಅವರಿಗೆ ತಮ್ಮ ಚಿಂತೆ ಇರಲಿಲ್ಲ. ನಜಮಾ ಹತ್ತಿಯಿಂದ ದೂರ ಬೆಳೆದಿದ್ದಾಳೆ, ಅವಳು ಉಳಿದಳು, ಅಷ್ಟು ಸಾಕು ಎಂದಿದ್ದರು.

ತೊಂಬತ್ತೆರಡರ ಬೇಸಿಗೆಯಲ್ಲಿ ಮುದಗಲ್‌ನಿಂದ ಸುದ್ದಿ ಬಂತು. ಅವರ ಅಕ್ಕ ಹಾಜಿರಾಬೀಗೆ ಹುಷಾರಿಲ್ಲ. ಈ ಅಕ್ಕನನ್ನು ಆರು ತಿಂಗಳ ಕೂಸಿದ್ದಾಗಲೇ ಮುದಗಲ್‌ನ ಚಿಕ್ಕಮ್ಮನಿಗೆ ಸಾಕಲು ಕೊಟ್ಟಿದ್ದರು. ಅವರದು ಬಳೆಯ ವ್ಯಾಪಾರ. ಅಕ್ಕ ಮದುವೆಯಾದದ್ದೂ ಬಳೆಗಾರನನ್ನೇ. ಅವಳ ಮಗ ಗೌಸ್‌ಸಾಬ್ ಟೆಂಪೋ ಓಡಿಸುತ್ತಿದ್ದ. ನಜಮಾ ತೊಟ್ಟಿಲಲ್ಲಿದ್ದಾಗಲೇ ಅವನಿಗೆ ಎಂದು ಮಾತಾಗಿತ್ತು. ನಮ್ಮಲ್ಲಿ ಅಕ್ಕನ ಮನೆಗೆ ಕೊಡುವುದು, ತರುವುದು ನಡೆದೇ ಇದೆ.

ನಾವಿಬ್ಬರೂ ಹೋದೆವು. ಅಕ್ಕ ಮೂರು ದಿಂಬು ಇಟ್ಟುಕೊಂಡು ಒರಗಿದ್ದಳು. ನಮ್ಮವರು ಹತ್ತಿಯ ದಿಂಬು ನೋಡಿ ಬಾಗಿಲಲ್ಲೇ ನಿಂತರು. ಆಮೇಲೆ ಅವಳ ಕಾಲು ನೋಡಿದರು. ಹೋಗಿ ಬೆರಳಿಂದ ಒತ್ತಿದರು. ಕುಳಿ ಬಿತ್ತು.

"ಅಕ್ಕ, ನೀ ಯಾವಾಗ ಹತ್ತಿ ಹಿಂಜಿದಿ?"

"ನಾ ಯಾಕ ಹಿಂಜಲಿ ಲೇ. ನಾ ಬಳಿ ಇಡಾಕಿ. ನಿನಗ ತಲಿ ಕೆಟ್ಟೈತೇನು?"

ಅವರು ಕುಳಿತುಕೊಂಡರು. ಜೇಬಿನಿಂದ ಬೆಲ್ಲ ತೆಗೆದರು, ತಿನ್ನಲಿಲ್ಲ, ಮತ್ತೆ ಒಳಗಿಟ್ಟರು. ದಾರಿಯಲ್ಲಿ ಬಸ್ಸಿನಲ್ಲಿ ಒಂದೇ ಮಾತು ಕೇಳಿದರು.

"ನಿಮ್ಮಪ್ಪಗ ಎಷ್ಟು ವಯಸ್ಸು?"

"ಎಪ್ಪತ್ತೊಂದು."

"ಇನ್ನೂ ಹಿಂಜತಾರ?"

"ನಿನ್ನಿ ಸುದ್ದಿ ಬಂದೈತಿ, ಎರಡು ಗಾದಿ ಮುಗಿಸ್ಯಾರಂತ."

ಮರುದಿನ ತಾವೇ ಡಾಕ್ಟರ ಹತ್ತಿರ ಹೊರಟರು. ರಾಯಚೂರಿನಲ್ಲಿ ಎದೆಯ ಫೋಟೋ ತೆಗೆದರು. ಹೃದಯ ಆಗಬೇಕಾದದ್ದಕ್ಕಿಂತ ಹಿಗ್ಗಿದೆ ಎಂದು ಹೈದರಾಬಾದಿಗೆ ಕಳಿಸಿದರು. ಗೌಸ್‌ಸಾಬ್ ತನ್ನ ತಾಯಿಯನ್ನೂ ಕರೆತಂದ. ನಜಮಾಳನ್ನೂ ಕರೆದುಕೊಂಡು ಐದು ಮಂದಿ ಹೋದೆವು.

ಅಲ್ಲಿನ ಡಾಕ್ಟರಮ್ಮ ಕಲಬುರಗಿಯವರು, ಹಾಗಾಗಿ ಕನ್ನಡ ಬರುತ್ತಿತ್ತು. ಔಷಧಿಗಿಂತ ಮೊದಲು ಒಂದು ಕಾಗದ ತೆಗೆದುಕೊಂಡರು. ಮನೆಯವರ ಹೆಸರೆಲ್ಲ ಕೇಳಿದರು. ಗಂಡಿಗೆ ಚೌಕ, ಹೆಣ್ಣಿಗೆ ಗುಂಡು. ಉಬ್ಬಸದಲ್ಲಿ ಹೋದವರಿಗೆ ಒಳಗೆ ಕಪ್ಪು ಬಳಿದರು. ಅಜ್ಜ ಕಪ್ಪು. ಮಾವ ಕಪ್ಪು. ಭಾವ ಕಪ್ಪು. ನಮ್ಮವರದು, ಅಕ್ಕನದು ಬಳಿಯುವಾಗ ನಮ್ಮ ಕಡೆ ನೋಡಲಿಲ್ಲ.

ಆಮೇಲೆ ಎಲ್ಲರ ಎದೆಗೂ ಜಿಗುಟು ಹಚ್ಚಿ ಯಂತ್ರ ಒತ್ತಿ ಟಿವಿಯಂಥದ್ದರಲ್ಲಿ ಹೃದಯ ಬಡಿಯುವುದನ್ನು ನೋಡಿದರು. ನನ್ನದನ್ನು ನೋಡಲಿಲ್ಲ. ನಾನು ಬೇರೆ ರಕ್ತ.

"ಇದು ಹತ್ತಿ ರೋಗ ಅಲ್ಲ," ಎಂದರು ಡಾಕ್ಟರಮ್ಮ. "ಹೃದಯದ ಮಾಂಸ ಸಡಿಲಾಗಿ ಹಿಗ್ಗೈತಿ. ರಕ್ತ ಒತ್ತಾಕ ಕಸುವಿಲ್ಲ. ಅದಕ್ಕ ನೀರು ಕಾಲಿಗೆ ಇಳೀತೈತಿ, ಪುಪ್ಪುಸದಾಗ ನಿಲ್ಲತೈತಿ, ಉಸಿರು ಹತ್ತತೈತಿ. ಇದು ನಿಮ್ಮ ಮನೆತನದಾಗ ಹುಟ್ಟಿನಿಂದ ಬಂದದ್ದು."

"ಅಂದ್ರ ಹಾರ್ನು ದೊಡ್ಡದು, ಬ್ಯಾಟ್ರಿ ಸಣ್ಣದು," ಎಂದರು ನಮ್ಮವರು.

"ಹಂಗ ತಿಳ್ಕೋರಿ."

"ಮತ್ತ ಹತ್ತಿ?"

"ಹತ್ತಿ ಧೂಳಿಗೆ ಕೆಮ್ಮು ದಮ್ಮು ಬರ್ತಾವು, ಅದು ಬ್ಯಾರೆ. ಹಿಂಜೋರು ಮೂಗಿಗೆ ಬಟ್ಟಿ ಕಟ್ಟಿಕೊಳ್ಳಬೇಕು. ಆದ್ರ ನಿಮ್ಮಪ್ಪನ್ನ, ಅಣ್ಣನ್ನ ಒಯ್ದದ್ದು ಹತ್ತಿ ಅಲ್ಲ."

ಮಕ್ಕಳಿಗೆ ಹೇಗೆ ಬರುತ್ತದೆ ಎಂದು ಕೇಳಿದರು. ಅದೊಂದೇ ಅವರಿಗೆ ಬೇಕಾಗಿದ್ದದ್ದು. ಡಾಕ್ಟರಮ್ಮ ಮೇಜಿನ ಮೇಲಿನ ರೂಪಾಯಿ ನಾಣ್ಯ ತಿರುಗಿಸಿದರು. "ನಿಮ್ಮಂಥ ಮನೆತನದಾಗ, ರೋಗ ಇದ್ದವರ ಒಂದೊಂದು ಕೂಸಿಗೂ ಹೀಂಗ ಒಮ್ಮೆ ಚಿಮ್ಮಿದಂಗ. ಛಾಪಾ ಬಿದ್ರ ಬಂತು, ಕಾಟಾ ಬಿದ್ರ ಇಲ್ಲ. ಗಂಡು ಹೆಣ್ಣು ಭೇದ ಇಲ್ಲ. ಎಲ್ಲಿದ್ರೂ, ಏನು ಕೆಲಸ ಮಾಡಿದ್ರೂ ಅಷ್ಟ."

ಗೌಸ್‌ಸಾಬ್‌ಗೆ ಇಪ್ಪತ್ತೊಂದು ವರ್ಷ. ಚೀಲ ಹೊತ್ತು ಓಡುತ್ತಿದ್ದ. ಅವನ ಹೃದಯ ಆಗಲೇ ಸ್ವಲ್ಪ ಹಿಗ್ಗಿತ್ತು. ನಜಮಾಳದು ಚೆನ್ನಾಗಿತ್ತು. "ಈಗ ಚಲೋ ಐತಿ. ಮುಂದ ಬರಂಗಿಲ್ಲ ಅಂತ ಹೇಳಾಕಾಗಂಗಿಲ್ಲ. ಎರಡು ವರ್ಷಕ್ಕೊಮ್ಮೆ ತೋರಿಸ್ರಿ. ಮೊದಲ ಗೊತ್ತಾದ್ರ ಗುಳಿಗಿ ಐತಿ, ಬಾಳ ದಿನ ದೂಡಬಹುದು. ಮತ್ತ, ಮನಿಯೊಳಗ ಮನಿಯೊಳಗ ಲಗ್ನ ಬ್ಯಾಡ."

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮವರು ಕಿಟಕಿಯ ಪಕ್ಕ ಕುಳಿತಿದ್ದರು. ರಾಯಚೂರು ದಾಟಿದ ಮೇಲೆ ಅಂದರು.

"ಒಂಬತ್ತು ವರ್ಷ ಸುಮ್ಮನ ನೆಲಕ್ಕ ಮಲಗಿದ್ವಲ್ಲೇ."

"ನನ್ನ ಸೊಂಟಕ್ಕ ಗೊತ್ತೈತಿ," ಎಂದೆ.

ನಜಮಾ ಹಿಂದಿನ ಸೀಟಿನಿಂದ, "ಅಪ್ಪಾ, ಇನ್ನರ ಗಾದಿ ಮಾಡ್ತೀಯೇನು?" ಎಂದಳು. ಅವರು ನಕ್ಕರು. ನಕ್ಕದ್ದಕ್ಕೂ ಉಸಿರು ಹತ್ತಿತು.

ಲಗ್ನದ ಮಾತು ಮುರಿಯಬೇಕಾಯಿತು. ಅಕ್ಕನಿಗೆ ಅದು ತಡೆಯಲಿಲ್ಲ. ಸಿಂಧನೂರಿನ ನಮ್ಮ ಮನೆಗೇ ಬಂದು ಚಾಪೆಯ ಮೇಲೆ ಕುಳಿತು ಬೈದಳು.

"ನನ್ನ ಮಗನ ಎದಿ ಕೆಟ್ಟೈತಿ ಅಂತ ನಿನಗ ಬ್ಯಾಡಾದ. ಹೊರಗಿನವರಿಗೆ ಮಗಳ್ನ ಕೊಡಾಗ ನಿನ್ನ ಎದಿ ಕತಿ ಹೇಳ್ತೀಯೇನು? ಊರಿನ ಸುದ್ದಿ ಎಲ್ಲಾ ಹಾರ್ನಿನಾಗ ಕೂಗಾಂವ. ಇದನ್ನ ಕೂಗು ನೋಡೂಣು."

"ಕೂಗ್ತೀನಿ ಅಕ್ಕ," ಎಂದರು.

ಗೌಸ್‌ಸಾಬ್ ಬಾಗಿಲಲ್ಲಿ ನಿಂತಿದ್ದವನು, "ಅವ್ವಾ, ಬಿಡು. ಆಕಿ ನನ್ನ ಟೆಂಪೋ ಹತ್ತಿದ್ರ ಸಾಕು ವಾಂತಿ ಮಾಡ್ಕೊಂತಾಳ. ಜೀವನಪೂರ್ತಿ ಯಾಂವ ತೊಳೀಬೇಕು?" ಎಂದ. ನಜಮಾ ಒಳಗಿನಿಂದ, "ನಿನ್ನ ಟೆಂಪೋ ವಾಸನಿಗೆ ಎಮ್ಮಿನೂ ವಾಂತಿ ಮಾಡ್ತಾವು," ಎಂದಳು. ಅಕ್ಕ ನಗಬಾರದೆಂದು ಮುಖ ತಿರುಗಿಸಿದಳು. ಆದರೂ ಆರು ತಿಂಗಳು ಮಾತು ಬಿಟ್ಟಳು.

ಅಕ್ಕನ ಮಾತು ನನಗೂ ಚುಚ್ಚಿತ್ತು. ಹೇಳಬೇಡಿರಿ ಎಂದೆ. ನಜಮಾಳ ಹೃದಯ ಚೆನ್ನಾಗಿದೆಯಲ್ಲ, ಮುಂದಿನದು ಅಲ್ಲಾ ನೋಡಿಕೊಳ್ಳುತ್ತಾನೆ ಎಂದೆ. ಅವರು ಒಪ್ಪಲಿಲ್ಲ. "ಮುಚ್ಚಿ ಕೊಟ್ರ ಆಕಿಗೆ ಎರಡು ವರ್ಷಕ್ಕೊಮ್ಮೆ ಯಾರು ತೋರಿಸ್ತಾರ? ಕಾಲು ಊದಿದ ಮ್ಯಾಲೆ ಬೆಲ್ಲ ತಿನಸ್ತಾರ."

ಬಳಗಾನೂರಿನಿಂದ ಮೊದಲ ಸಂಬಂಧ ಬಂತು. ನಾನು ಪಲಾವು ಮಾಡಿದ್ದೆ. ಊಟಕ್ಕೆ ಮೊದಲೇ ಇವರು ಎಲ್ಲಾ ಹೇಳಿಬಿಟ್ಟರು. ಅವರಿಗೆ ಏನೋ ಕೆಲಸ ನೆನಪಾಯಿತು, ಎದ್ದರು. ಎರಡನೆಯವರೂ ಹಾಗೇ. ಮೂರನೆಯವರು ಚಹಾದ ಬಸಿಯನ್ನೂ ಮುಟ್ಟಲಿಲ್ಲ, ಅಂಟುತ್ತದೆ ಎಂದು ತಿಳಿದರೋ ಏನೋ.

"ಉಂಡ ಮ್ಯಾಲರ ಹೇಳ್ರಿ. ಎರಡೆರಡು ದಿನ ನಾವ ಅದ ಪಲಾವು ತಿನ್ನಬೇಕಾಗೈತಿ," ಎಂದೆ.

"ಉಂಡ ಮ್ಯಾಲೆ ಹೇಳಿದ್ರ ಮೋಸ ಆಗ್ತೈತಿ."

ನಾಲ್ಕನೆಯದು ಲಿಂಗಸುಗೂರಿನ ಅಮೀನ್‌ಸಾಬ್. ಅವರೂ ಪಿಂಜಾರರು. ಮಗ ದಸ್ತಗೀರ್ ಗಾದಿ ಅಂಗಡಿ ಇಟ್ಟಿದ್ದ. ಇವರು ಶುರುಮಾಡಿದರು. ಅಜ್ಜ, ಅಪ್ಪ, ಅಣ್ಣ, ಅಕ್ಕ, ತಾವು. ಡಾಕ್ಟರಮ್ಮನ ಕಾಗದವನ್ನೇ ಬಿಚ್ಚಿ ತೋರಿಸಿದರು. ನಡುವೆ ಮೂರು ಸಲ ಉಸಿರಿಗೆ ನಿಂತರು. ಅಮೀನ್‌ಸಾಬ್ ಕಾಗದವನ್ನೇ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ಪಲಾವಿನ ಪಾತ್ರೆಗೆ ಮುಚ್ಚಳ ಹಾಕಿದೆ.

"ಅಂದ್ರ ಇದು ಹತ್ತಿ ತಪ್ಪಲ್ಲ?" ಎಂದರು ಅಮೀನ್‌ಸಾಬ್.

"ಅಲ್ಲ."

"ಮಸ್ಕಿ ಪಿಂಜಾರರು ಹತ್ತಿ ತಿಂದು ಸತ್ರು ಅಂತ ಕೇಳಿ ಕೇಳಿ ಹತ್ತು ವರ್ಷ ನನಗ ನಿದ್ದಿ ಇಲ್ಲ ದಾದೇಸಾಬ. ಕೆಮ್ಮು ಬಂದಾಗೊಮ್ಮೆ ಕಾಲು ಒತ್ತಿ ನೋಡ್ಕೊಂತೀನಿ."

"ಎಲ್ಲಿ, ತೋರಿಸ್ರಿ." ಇವರು ಒತ್ತಿದರು. ಕುಳಿ ಬೀಳಲಿಲ್ಲ. "ನಿಮ್ಮದು ಬರೇ ಕೆಮ್ಮು. ಮೂಗಿಗೆ ಬಟ್ಟಿ ಕಟ್ಕೋರಿ."

ಅಮೀನ್‌ಸಾಬ್ ಸಮಾಧಾನದಿಂದ ಒರಗಿ ಕುಳಿತರು. ಒರಗಲು ದಿಂಬಿರಲಿಲ್ಲ, ಗೋಡೆ ಬಡಿಯಿತು. ಆಮೇಲೆ ನಜಮಾಳ ಬಗ್ಗೆ ಕೇಳಿದರು. ಈಗ ಚೆನ್ನಾಗಿದೆ, ಮುಂದಿನದು ಗೊತ್ತಿಲ್ಲ, ಎರಡು ವರ್ಷಕ್ಕೊಮ್ಮೆ ತೋರಿಸುವುದು ನಿಮ್ಮ ಕೆಲಸ ಎಂದರು ಇವರು. ಅಮೀನ್‌ಸಾಬ್ ಮಗನ ಮುಖ ನೋಡಿದರು. ದಸ್ತಗೀರ್ ತಲೆ ಆಡಿಸಿದ.

"ಎತ್ತು ಮಾರೋರು ಹಲ್ಲು ತೋರಸ್ತಾರ. ಅದರ ಅಪ್ಪ ಎಲ್ಲಿ ಕುಂಟ್ಯಾನ ಅಂತ ಯಾರೂ ಹೇಳಂಗಿಲ್ಲ. ನೀವು ಹೇಳಿದ್ರಿ," ಎಂದರು ಅಮೀನ್‌ಸಾಬ್. "ಒಂದ ಮಾತು. ಹುಡುಗಿ ಗಾದಿ ಮಾತ್ರ ನಮ್ಮ ಅಂಗಡಿದು ನಡ್ಯಂಗಿಲ್ಲ."

ನಮ್ಮ ಮನೆತನಗಳಲ್ಲಿ ಮಗಳ ಗಾದಿಯ ಹತ್ತಿಯನ್ನು ಅಪ್ಪನೇ ಹಿಂಜಬೇಕು. ಅದೊಂದು ವಾಡಿಕೆ.

ಅವತ್ತು ಪಲಾವು ಸಾಲಲಿಲ್ಲ.

ಮಸ್ಕಿಯಿಂದ ತಂದ ಬಿಲ್ಲನ್ನು ಮನೆಯೊಳಗೆ ತರದೆ ಗ್ಯಾನಪ್ಪನ ಅಂಗಡಿಯಲ್ಲಿ ಇಟ್ಟಿದ್ದರು. ಹತ್ತು ವರ್ಷ ಅವನು ಅದಕ್ಕೆ ಮೈಕಿನ ವೈರು ನೇತುಹಾಕಿದ್ದ. "ಈಗ ವೈರು ಎಲ್ಲಿ ಹಾಕ್ಲಿ?" ಎಂದು ಗೊಣಗುತ್ತಲೇ ಒರೆಸಿ ತಂದುಕೊಟ್ಟ. ನಮ್ಮವರು ಅದಕ್ಕೆ ಹೊಸ ನರದ ಹೆದೆ ಬಿಗಿದರು. ಗುಳಿಗೆಯಿಂದ ಕಾಲಿನ ಊತ ಇಳಿದಿತ್ತು, ಆದರೆ ಕಸುವು ಇರಲಿಲ್ಲ. ಮೈ ದಣಿಸಬಾರದು ಎಂದು ಡಾಕ್ಟರಮ್ಮ ಹೇಳಿದ್ದರು. ಹತ್ತು ಸಲ ಬಾರಿಸಿದರೆ ಕಾಲು ಗಂಟೆ ಕೂಡಬೇಕು. ನನ್ನ ಅಪ್ಪ ಸಾಲಗುಂದದಿಂದ ಬಂದು ಎದುರಿಗೆ ಕುಳಿತ.

"ಕೊಡು ಅಳಿಯಾ, ಒಂದ ದಿನದಾಗ ಮುಗಸ್ತೀನಿ."

"ಮುಟ್ಟಬ್ಯಾಡ್ರಿ ಮಾವಾ."

ಮೂಗಿಗೆ ಟವೆಲ್ ಕಟ್ಟಿಕೊಂಡು ಇಪ್ಪತ್ತು ದಿನ ಹಿಂಜಿದರು. ಓಣಿಯಲ್ಲೆಲ್ಲ ಟಂಯ್ ಟಂಯ್. ಹತ್ತು ಸಲ, ನಿಲ್ಲುವುದು, ಮತ್ತೆ ಹತ್ತು ಸಲ. ನಾನು ಬೈದೆ, ಕೇಳಲಿಲ್ಲ. ಬೈಯುತ್ತಲೇ ಹತ್ತಿ ತುಂಬುವ ಖೋಲು ಹೊಲಿದೆ. ಕೊನೆಯ ದಿನ ನಜಮಾ ಹದಿನೆಂಟು ವರ್ಷದವಳು ಹತ್ತಿಯ ಗುಡ್ಡೆಯ ಮೇಲೆ ದೊಪ್ಪನೆ ಬಿದ್ದಳು. ಅವರು ನೋಡಿದರು. ಕೂದಲಿನ ಅರಳೆ ಆರಿಸಲಿಲ್ಲ.

ಲಗ್ನಕ್ಕೆ ಹಾಜಿರಾಬೀ ಅಕ್ಕ ಬಂದಳು. ಯಾರೂ ಕರೆಯದಿದ್ದರೂ ಬರುತ್ತಿದ್ದೆ ಎಂದಳು. ನಜಮಾಳ ಕೈಗೆ ತಾನೇ ಬಳೆ ಇಟ್ಟಳು. ಗೌಸ್‌ಸಾಬ್ ಟೆಂಪೋದಲ್ಲಿ ಗಾದಿ ಹಾಕಿಕೊಂಡು ಲಿಂಗಸುಗೂರಿಗೆ ಮುಟ್ಟಿಸಿದ.

ತಿಂಗಳಿಗೆ ನಜಮಾ ದೂರು ತಂದಳು. "ಅಪ್ಪಾ, ಗಾದಿಗೆ ಇರುವಿ ಹತ್ಯಾವು."

"ನಿಮ್ಮತ್ತಿ ಮನಿ ಇರುವಿ ಇರಬೇಕು. ನಮ್ಮ ಗಾದಿಗೆ ಹೆಸರಿಡಬ್ಯಾಡ," ಎಂದರು.

ಭಾವನಿಗೆ ಕಾಲು ಊದಿದ ಮೇಲೆ ಎಂಟು ತಿಂಗಳೂ ಸಿಗಲಿಲ್ಲ. ಗುಳಿಗೆಯಿಂದ ಇವರಿಗೆ ಮೂರೂವರೆ ವರ್ಷ ಸಿಕ್ಕಿತು. ತೊಂಬತ್ತಾರರ ಜನವರಿಯಲ್ಲಿ ಹೋದರು. ಬೆಳಗಿನ ಹೊತ್ತು, ಚಹಾ ಕುಡಿದು ಲೋಟ ಕೆಳಗಿಟ್ಟರು, ಅಷ್ಟೇ. ಲೋಟ ಉರುಳಲಿಲ್ಲ. ನಾನು ತೊಳೆಯಲು ಎತ್ತಿಕೊಂಡು ಹೋದೆ, ಬಂದು ನೋಡಿದೆ.

ಗ್ಯಾನಪ್ಪ ತಾನೇ ಮೈಕ್ ಹಿಡಿದು ಟಾಂಗಾದಲ್ಲಿ ಊರಿಗೆ ಹೇಳಿದ. ಉಬ್ಬಸವಿಲ್ಲದ ಮನುಷ್ಯ. ಅವನಿಗೂ ಸೇತುವೆಯವರೆಗೆ ಒಂದೇ ಉಸಿರಿನಲ್ಲಿ ಹೇಳಲು ಆಗಲಿಲ್ಲ. ಸ್ನಾನ ಮಾಡಿಸಿದವರು ಮೂಗಿಗೆ ಹತ್ತಿ ಇಟ್ಟರು. ನಾನು ಬೇಡ ಎನ್ನಲಿಲ್ಲ.

ಈಗಲೂ ಸಂಜೆ ಯಾರದಾದರೂ ಹಾರ್ನು ಓಣಿಗೆ ತಿರುಗಿದರೆ ಹಂಚು ಇಡುತ್ತೇನೆ. ಆಮೇಲೆ ಇಳಿಸುತ್ತೇನೆ.

ಹೋದ ವರ್ಷ, ತೊಂಬತ್ತೆಂಟರಲ್ಲಿ, ನಜಮಾಳ ಗಾದಿ ಚಪ್ಪಟೆಯಾಗಿತ್ತು. ಮತ್ತೆ ಹಿಂಜಲು ಅಮೀನ್‌ಸಾಬ್ ಹೊಲಿಗೆ ಬಿಚ್ಚಿದರು. ನಾನೂ ಲಿಂಗಸುಗೂರಿನಲ್ಲೇ ಇದ್ದೆ. ನಡುವೆ ಕಾಗದದ ಪೊಟ್ಟಣ ಸಿಕ್ಕಿತು. ಇರುವೆ ತಿಂದು ಉಳಿದ ಬೆಲ್ಲ, ಕಪ್ಪಗೆ ಕಲ್ಲಾಗಿತ್ತು. ಎಲ್ಲ ಗೊತ್ತಾದ ಮೇಲೂ ನಮ್ಮವರು ಬೆಲ್ಲ ಬಿಟ್ಟಿರಲಿಲ್ಲ. ಹಿಂಜುವಾಗ ಜೇಬಿನಿಂದ ಬಿದ್ದಿದೆ. ಅಮೀನ್‌ಸಾಬ್ ನಕ್ಕು ನಕ್ಕು ಕೆಮ್ಮಿದರು. ನಾನೂ ನಕ್ಕೆ, ಆಮೇಲೆ ಹಿತ್ತಲಿಗೆ ಹೋಗಿ ಬಂದೆ.

ಅದೇ ವಾರ ದಸ್ತಗೀರ್ ನಜಮಾಳನ್ನು ಹೈದರಾಬಾದಿಗೆ ಕರೆದುಕೊಂಡು ಹೋದ. ಮೊದಲ ಸಲದಿಂದ ಇದು ನಾಲ್ಕನೆಯದು. ಒಂದನ್ನೂ ತಪ್ಪಿಸಿಲ್ಲ. ನಾನು ಮೊಮ್ಮಗಳನ್ನು ನೋಡಿಕೊಂಡು ಮನೆಯಲ್ಲಿದ್ದೆ. ಅವಳಿಗೆ ಮೂರು ವರ್ಷ. ಮೂರನೆಯ ದಿನ ಬಂದರು. ನಜಮಾ ಬಾಗಿಲಲ್ಲೇ ಹೇಳಿದಳು.

"ಚಲೋ ಐತಂತವ್ವಾ. ಗೌಸಣ್ಣನೂ ಬಂದಿದ್ದ. ಗುಳಿಗಿ ತಪ್ಪಸಿಲ್ಲ, ಹಿಗ್ಗಿದ್ದು ಅಷ್ಟಕ್ಕ ನಿಂತೈತಂತ. ಇನ್ನೂ ಟೆಂಪೋ ಓಡಸ್ತಾನ. ವಾಸನಿ ಹಂಗ ಐತಿ."

"ಈಕಿದು ಕೇಳಿದೇನು?" ಎಂದು ಮೊಮ್ಮಗಳನ್ನು ತೋರಿಸಿದೆ.

"ಕೇಳಿದೆ. ನನ್ನದು ಚಲೋ ಇರೂತನಕ ಈಕಿದು ಅವಸರ ಇಲ್ಲಂತ. ಈಕಿಗೆ ಹತ್ತು ವರ್ಷ ತುಂಬ್ಲಿ, ಕರ್ಕೊಂಡು ಬಾ ಅಂದ್ರು."

ಅಂಗಳದಲ್ಲಿ ಅಮೀನ್‌ಸಾಬ್ ಹಿಂಜಿದ ಹತ್ತಿ ಗುಡ್ಡೆಯಾಗಿತ್ತು. ನಮ್ಮವರು ಮುಟ್ಟಿದ ಹತ್ತಿ. ಕೂಸು ಅದರ ಕಡೆಯೇ ನೋಡುತ್ತಿತ್ತು. ನಾನು ಕೈ ಬಿಟ್ಟೆ. ಓಡಿಹೋಗಿ ಬಿದ್ದು ಹೊರಳಾಡಿತು.

ಹತ್ತು ತುಂಬಲು ಇನ್ನೂ ಏಳು ವರ್ಷ ಇತ್ತು. ಹೊರಳಾಡಲಿ.